ಒಣನಾಡಿನ ನೆಲಹೊದಿಕೆ: ಡೆನ್ವರ್ ನಗರದ ಹುಲ್ಲುಹಾಸೂ ದಕ್ಷಿಣ ಆಫ್ರಿಕದ ಒಂದು ಹೂಗಿಡವೂ

ಚರಿತ್ರೆಯೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ಅರಸರು, ಯುದ್ಧಗಳು, ಒಪ್ಪಂದಗಳು ಬಂದು ನಿಲ್ಲುವುದು ಸಹಜ. ನೆಲದ ಮೇಲೆ ನಾಲ್ಕು ಬೆರಳೆತ್ತರಕ್ಕೆ ಹಬ್ಬುವ ಹೂಗಿಡವೊಂದಕ್ಕೂ ಚರಿತ್ರೆಯುಂಟೆಂದರೆ ಕೆಲವರಿಗೆ ಅದು ವಿನೋದವಾಗಿ ತೋರಬಹುದು. ಆದರೆ ಮನುಷ್ಯನು ತಾನು ನೆಲೆಸಿದ ನೆಲವನ್ನು ಯಾವುದರಿಂದ ಹೊದಿಸುತ್ತಾನೆ ಎಂಬ ಪ್ರಶ್ನೆ ಅಷ್ಟು ಚಿಕ್ಕದಲ್ಲ. ಆ ಹೊದಿಕೆಗೆ ಬೇಕಾದ ನೀರು ಯಾರದು, ಅದನ್ನು ಎಲ್ಲಿಂದ ತರಲಾಯಿತು, ಅದಕ್ಕೆ ಮೊದಲು ಅಲ್ಲಿ ಏನಿದ್ದಿತು, ಯಾರಿದ್ದರು ಎಂಬ ವಿಚಾರಗಳೆಲ್ಲವೂ ಆ ಒಂದು ಪ್ರಶ್ನೆಯಲ್ಲಿ ಅಡಗಿವೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಕೊಲರಾಡೊ ರಾಜ್ಯದಲ್ಲಿರುವ ಡೆನ್ವರ್ ನಗರವನ್ನು ನಿದರ್ಶನವಾಗಿಟ್ಟುಕೊಂಡು ಎರಡು ಪ್ರಶ್ನೆಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೊದಲನೆಯದು: ಮಳೆ ಕಡಮೆಯಾದ, ಚಳಿಗಾಲ ಕಠಿನವಾದ ಆ ನಾಡಿನಲ್ಲಿ ತೇವದ ಸೀಮೆಯ ಹುಲ್ಲುಹಾಸು ಹೇಗೆ ಬೇರೂರಿತು? ಎರಡನೆಯದು: ಆ ನೆಲಕ್ಕೆ ಒಗ್ಗುವ ಹೂಗಿಡವೊಂದು ೧೮೭೭ರಲ್ಲಿಯೇ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞರಿಗೆ ತಿಳಿದಿದ್ದರೂ, ಅದು ಡೆನ್ವರಿನಂಥ ಊರಿನ ಬಯಲು ತೋಟಗಳಲ್ಲಿ ನೆಲೆಯೂರಲು ಸುಮಾರು ನೂರು ವರ್ಷಗಳು ಏಕೆ ಬೇಕಾದುವು?

೧. ನೆಲ ಮತ್ತು ಅದರ ಮೊದಲ ಹೊದಿಕೆ

ಡೆನ್ವರ್ ನಗರವು ರಾಕಿ ಪರ್ವತಶ್ರೇಣಿಯ ಪೂರ್ವದ ಬುಡದಲ್ಲಿ, ಸಮುದ್ರಮಟ್ಟದಿಂದ ೧,೬೦೯ ಮೀಟರ್ ಎತ್ತರದಲ್ಲಿದೆ. ಪಶ್ಚಿಮದಿಂದ ಬರುವ ತೇವದ ಗಾಳಿ ಪರ್ವತಗಳನ್ನು ದಾಟುವಷ್ಟರಲ್ಲಿ ತನ್ನ ನೀರನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ಮಳೆ ಹಿಮಗಳೆರಡನ್ನೂ ಕೂಡಿಸಿದರೂ ವರ್ಷಕ್ಕೆ ದೊರೆಯುವುದು ಸುಮಾರು ೧೪ರಿಂದ ೧೫ ಅಂಗುಲ ಮಾತ್ರ. ಬಿಸಿಲು ತೀಕ್ಷ್ಣ, ಗಾಳಿ ಒಣಗಿದುದು. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಆದರೆ ಕೆಲವು ದಿನಗಳಲ್ಲಿಯೇ ಬಿಸಿಲಿಗೆ ಕರಗುತ್ತದೆ. ಹೀಗೆ ನೆಲ ಹೆಪ್ಪುಗಟ್ಟುವುದು, ಸಡಿಲುವುದು, ಮತ್ತೆ ಹೆಪ್ಪುಗಟ್ಟುವುದು ಚಳಿಗಾಲದುದ್ದಕ್ಕೂ ನಡೆದಿರುತ್ತದೆ. ತಾಪಮಾನದ ಏರಿಳಿತ ಎಷ್ಟು ಹಠಾತ್ತಾದುದೆಂಬುದಕ್ಕೆ ೨೦೨೨ರ ಡಿಸೆಂಬರ್ ತಿಂಗಳನ್ನು ಉದಾಹರಿಸಬಹುದು. ಆಗ ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೇಲಿದ್ದ ಉಷ್ಣತೆಯು ಒಂದೇ ದಿನದೊಳಗೆ ಸೊನ್ನೆಗಿಂತ ಸುಮಾರು ೩೧ ಸೆಂಟಿಗ್ರೇಡ್ ಡಿಗ್ರಿ ಕೆಳಕ್ಕಿಳಿಯಿತು. ಇಂಥಲ್ಲಿ ಬದುಕಬೇಕಾದ ಗಿಡವು ಬರವನ್ನೂ ಚಳಿಯನ್ನೂ ಒಟ್ಟಿಗೆ ತಾಳಬೇಕು.

ಆದರೆ ಈ ನೆಲ ಬರಿದಾಗಿರಲಿಲ್ಲ. ಬ್ಲೂ ಗ್ರಾಮ, ಬಫಲೋ ಹುಲ್ಲು ಎಂಬ ಗಿಡ್ಡ ಜಾತಿಯ ಹುಲ್ಲುಗಳು ಅದನ್ನು ಹೊದಿಸಿದ್ದುವು. ಮಳೆಯಿಲ್ಲದಾಗ ಕಂದಿ ಮಲಗಿ, ಮಳೆ ಬಂದಾಗ ಮತ್ತೆ ಚಿಗುರುವ ಈ ಹುಲ್ಲು ಕಾಡೆಮ್ಮೆಗಳ ದೊಡ್ಡ ಹಿಂಡುಗಳನ್ನು ಸಾಕುತ್ತಿದ್ದಿತು. ಆ ಹಿಂಡುಗಳನ್ನು ಅನುಸರಿಸಿ ಅರಪಾಹೊ ಮತ್ತು ಶೆಯೆನ್ ಜನರು ಬಾಳುತ್ತಿದ್ದರು. ೧೮೨೦ರಲ್ಲಿ ಸ್ಟೀಫನ್ ಲಾಂಗ್ ಎಂಬ ಸೇನಾಧಿಕಾರಿಯ ನೇತೃತ್ವದಲ್ಲಿ ಬಂದ ಶೋಧಕರ ತಂಡವು ತನ್ನ ಭೂಪಟದಲ್ಲಿ ಈ ಪ್ರದೇಶವನ್ನು ಮಹಾಮರುಭೂಮಿಯೆಂದು ಗುರುತಿಸಿತು. ಒಂದು ಜನಾಂಗಕ್ಕೆ ಅನ್ನ ಕೊಟ್ಟ ನೆಲ ಇನ್ನೊಂದಕ್ಕೆ ಮರುಭೂಮಿಯಾಗಿ ಕಂಡಿತೆಂಬುದು ಇಲ್ಲಿ ಗಮನಾರ್ಹವಾದ ಅಂಶ. ೧೮೫೮ರಲ್ಲಿ ಚಿನ್ನದ ಸುದ್ದಿ ಹಬ್ಬಿ ಡೆನ್ವರ್ ಹುಟ್ಟಿತು. ೧೮೫೧ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಈ ಎರಡು ಜನಾಂಗಗಳದೆಂದು ಒಪ್ಪಿಕೊಂಡಿದ್ದ ನೆಲದ ಬಹುಭಾಗವನ್ನು ೧೮೬೧ರ ಫೋರ್ಟ್ ವೈಸ್ ಒಪ್ಪಂದವು ಅವರಿಂದ ಕಿತ್ತುಕೊಂಡಿತು. ೧೮೬೪ರ ನವೆಂಬರ್ ೨೯ರಂದು ಸ್ಯಾಂಡ್ ಕ್ರೀಕ್ ಎಂಬಲ್ಲಿ ಬಿಡಾರ ಹೂಡಿದ್ದ ಶೆಯೆನ್, ಅರಪಾಹೊ ಜನರನ್ನು ಕೊಲರಾಡೊ ಸೈನಿಕರು ಕೊಂದರು. ಸತ್ತವರಲ್ಲಿ ಹೆಂಗಸರು, ಮಕ್ಕಳು, ಮುದುಕರೇ ಹೆಚ್ಚು. ಹುಲ್ಲುಹಾಸಿನ ಚರಿತ್ರೆಯನ್ನು ಬರೆಯುವವನು ಈ ಘಟನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹೊಸ ಹೊದಿಕೆ ಬರುವುದಕ್ಕೆ ಮೊದಲು ಹಳೆಯ ಹೊದಿಕೆಯೂ ಅದನ್ನು ಬಲ್ಲವರೂ ಅಲ್ಲಿಂದ ತೊಲಗಬೇಕಾಯಿತು.

೨. ಕಾಲುವೆ, ಕಾನೂನು, ಹುಲ್ಲುಹಾಸು

ಸ್ಯಾಂಡ್ ಕ್ರೀಕ್ ಹತ್ಯಾಕಾಂಡವಾದ ಮೂರು ವರ್ಷಗಳಿಗೆ, ಎಂದರೆ ೧೮೬೭ರಲ್ಲಿ, ಸೌತ್ ಪ್ಲ್ಯಾಟ್ ನದಿಯ ನೀರನ್ನು ಊರೊಳಕ್ಕೆ ತರುವ 'ಸಿಟಿ ಡಿಚ್' ಎಂಬ ಕಾಲುವೆ ಪೂರ್ಣಗೊಂಡಿತು. ಬೀದಿಬದಿಯ ಮರಗಳೂ ಮನೆಮುಂದಿನ ಹುಲ್ಲೂ ಈ ನೀರಿನಿಂದ ಬೆಳೆದುವು. ಮುಂದೆ ನಗರಾಧ್ಯಕ್ಷನಾದ ರಾಬರ್ಟ್ ಸ್ಪೀರ್ ಪ್ರಜೆಗಳಿಗೆ ಮರದ ಸಸಿಗಳನ್ನು ಉಚಿತವಾಗಿ ಹಂಚಿಸಿ, ಉದ್ಯಾನಗಳನ್ನು ವಿಸ್ತರಿಸಿದನು. ಹುಲ್ಲುಹಾಸಿಗೆ ಆರಿಸಿಕೊಂಡ ಮುಖ್ಯವಾದ ಹುಲ್ಲು ಕೆಂಟಕಿ ಬ್ಲೂಗ್ರಾಸ್. ಹೆಸರಿನಲ್ಲಿ ಕೆಂಟಕಿ ಇದ್ದರೂ ಅದು ಕೆಂಟಕಿಯದಲ್ಲ. ಯೂರೋಪಿನಿಂದ ವಲಸೆಗಾರರೊಡನೆ ಬಂದುದು. ಡೆನ್ವರಿನಲ್ಲಿ ಅದನ್ನು ಬೇಸಗೆಯುದ್ದಕ್ಕೂ ಹಸುರಾಗಿಡಬೇಕಾದರೆ ಆಕಾಶ ಕೊಡುವಷ್ಟೇ ನೀರನ್ನಾದರೂ ಮತ್ತೆ ಮನುಷ್ಯನು ಕೊಡಬೇಕಾಗುತ್ತದೆ.

ಇದನ್ನು ವಲಸೆಗಾರರ ಅಜ್ಞಾನವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಆಧಾರಗಳು ಆ ಮಾತನ್ನು ಸಮರ್ಥಿಸುವುದಿಲ್ಲ. ಜಾನ್ ವೆಸ್ಲಿ ಪೊವೆಲ್ ೧೮೭೮ರಲ್ಲಿ ಸರಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ವರ್ಷಕ್ಕೆ ೨೦ ಅಂಗುಲಕ್ಕಿಂತ ಕಡಮೆ ಮಳೆ ಬೀಳುವ ಪಶ್ಚಿಮದ ನಾಡುಗಳಲ್ಲಿ ನೀರಾವರಿಯಿಲ್ಲದೆ ಬೇಸಾಯವನ್ನು ನಂಬುವಂತಿಲ್ಲವೆಂದು ಸ್ಪಷ್ಟಪಡಿಸಿದ್ದನು. ೧೮೮೨ರಲ್ಲಿ ಕೊಲರಾಡೊ ಸರ್ವೋಚ್ಚ ನ್ಯಾಯಾಲಯವು ಕಾಫಿನ್ ಮತ್ತು ಲೆಫ್ಟ್ ಹ್ಯಾಂಡ್ ಡಿಚ್ ಕಂಪನಿಯ ವ್ಯಾಜ್ಯದಲ್ಲಿ ಇನ್ನೊಂದು ಮಾತನ್ನು ತೀರ್ಮಾನಿಸಿತು. ನದಿಯ ದಡದಲ್ಲಿ ಭೂಮಿಯುಳ್ಳವನಿಗೇ ನೀರಿನ ಹಕ್ಕೆಂಬ ಇಂಗ್ಲೆಂಡಿನ ನಿಯಮ ಈ ಒಣನಾಡಿಗೆ ಸಲ್ಲದು. ನೀರನ್ನು ಮೊದಲು ತಿರುಗಿಸಿ ಉಪಯೋಗಿಸಿದವನಿಗೇ ಮೊದಲ ಹಕ್ಕು ಎಂಬುದೇ ಆ ತೀರ್ಮಾನ. ನಾಡು ಒಣಗಿದುದೆಂಬ ತಿಳಿವು ಆಡಳಿತಕ್ಕೂ ನ್ಯಾಯಾಲಯಕ್ಕೂ ಇದ್ದೇ ಇದ್ದಿತೆಂದು ಇದರಿಂದ ಸಿದ್ಧವಾಗುತ್ತದೆ. ವಿಚಿತ್ರವೆಂದರೆ ಒಣನಾಡಿಗೆಂದು ರೂಪುಗೊಂಡ ಆ ಕಾನೂನೇ ನೀರನ್ನು ಅದರ ಕಣಿವೆಯಿಂದ ಬಹುದೂರಕ್ಕೆ ಸಾಗಿಸುವುದಕ್ಕೆ ದಾರಿಮಾಡಿಕೊಟ್ಟಿತು. ಹಾಗೆ ಸಾಗಿಬಂದ ನೀರು ತೇವದ ನಾಡಿನ ಹುಲ್ಲನ್ನು ಬೆಳೆಸಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಸಾಗಣೆ ಪರ್ವತಗಳನ್ನೇ ಕೊರೆಯಿತು. ೧೯೩೬ರಲ್ಲಿ ಮಾಫಟ್ ರೈಲುಸುರಂಗದ ಪಕ್ಕದ ಸಣ್ಣ ಸುರಂಗದ ಮೂಲಕ ಪರ್ವತದ ಆಚೆಯ ಪಶ್ಚಿಮದ ಇಳಿಜಾರಿನ ನೀರು ಡೆನ್ವರಿಗೆ ಬಂದಿತು. ೧೯೬೨ರಲ್ಲಿ ೨೩ ಮೈಲಿಗಳಿಗೂ ಹೆಚ್ಚು ಉದ್ದದ ರಾಬರ್ಟ್ಸ್ ಸುರಂಗವೂ ೧೯೬೩ರಲ್ಲಿ ಡಿಲನ್ ಜಲಾಶಯವೂ ಮುಗಿದುವು. ಜಲಾಶಯಕ್ಕಾಗಿ ಡಿಲನ್ ಎಂಬ ಊರನ್ನೇ ಬೇರೆ ಸ್ಥಳಕ್ಕೆ ಸಾಗಿಸಬೇಕಾಯಿತು. ಈ ನೀರೆಲ್ಲವೂ ಹುಲ್ಲಿಗೆಂದೇ ಬಂದಿತೆಂದು ಹೇಳಿದರೆ ಅತ್ಯುಕ್ತಿಯಾದೀತು. ಆದರೆ ಮನೆಗಳಿಗೆ ಒದಗಿದ ನೀರಿನ ದೊಡ್ಡ ಪಾಲು ಮನೆಯ ಹೊರಗಿನ ನೆಲಕ್ಕೆ ಹೋಗುತ್ತಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಕೊಳಾಯಿ ತಿರುಗಿಸಿದೊಡನೆ ನೀರು ಬರುವಲ್ಲಿ ನೆಲದ ಒಣತನ ಕಣ್ಣಿಗೆ ಕಾಣದೆ ಹೋಗುವುದು. ಹುಲ್ಲುಹಾಸು ಬೇರೂರಿದುದು ಅಜ್ಞಾನದಿಂದಲ್ಲ, ತಿಳಿದುದನ್ನು ಮರೆಯಲು ಅನುಕೂಲ ಕಲ್ಪಿಸಿದ ಸಾಮರ್ಥ್ಯದಿಂದ. ಇದು ನಮ್ಮ ಮೊದಲನೆಯ ಪ್ರಶ್ನೆಗೆ ಉತ್ತರ.

೩. ಗಾಜಿನ ಮನೆಯಲ್ಲಿ ನೂರು ವರ್ಷ

ಇನ್ನು ಎರಡನೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ಐಸ್ ಪ್ಲಾಂಟ್ ಎಂಬ ರೂಢನಾಮದಿಂದ ಕರೆಯಲ್ಪಡುವ ಗಿಡಗಳ ಬಳಗವೊಂದು ದಕ್ಷಿಣ ಆಫ್ರಿಕದಲ್ಲಿ ವಿಪುಲವಾಗಿದೆ. ದಪ್ಪನೆಯ ರಸಭರಿತ ಎಲೆ, ನೆಲಕ್ಕಂಟಿ ಹಬ್ಬುವ ಕಾಂಡ, ಬಿಸಿಲಿಗೆ ಅರಳಿ ಮೋಡ ಕವಿದಾಗ ಮುಚ್ಚಿಕೊಳ್ಳುವ ಹೊಳೆಯುವ ಹೂ, ಇವು ಅದರ ಲಕ್ಷಣಗಳು. ನಮ್ಮ ಮನೆಯಂಗಳಗಳ ಕುಂಡಗಳಲ್ಲಿರುವ ಟೇಬಲ್ ರೋಸ್ ಗಿಡವನ್ನು ಬಲ್ಲವರು, ಅದು ಬೇರೆ ಬಳಗದ್ದಾದರೂ, ಇದರ ರೂಪವನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಹೆಸರಿನಲ್ಲಿರುವ 'ಮಂಜುಗಡ್ಡೆ'ಗೂ ಚಳಿಗೂ ಸಂಬಂಧವಿಲ್ಲ. ಬಳಗದ ಒಂದು ಜಾತಿಯ ಎಲೆಗಳ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳು ಮಂಜಿನ ಹರಳಿನಂತೆ ಹೊಳೆಯುವುದರಿಂದ ಬಂದ ಹೆಸರದು.

ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಯಾಕೋಬ್ ಬ್ರೈನೆ ಎಂಬ ವಿದ್ವಾಂಸನು ಇವಕ್ಕೆ 'ನಡುಹಗಲಿನ ಹೂ' ಎಂಬರ್ಥದ ಗ್ರೀಕ್ ಹೆಸರನ್ನಿಟ್ಟಿದ್ದನು. ಲಿನೇಯಸನು ೧೭೫೩ರಲ್ಲಿ ಮೆಸೆಂಬ್ರಿಯಾಂತೆಮಮ್ ಎಂಬ ಒಂದೇ ಕುಲದಲ್ಲಿ ಇವನ್ನು ಅಡಕಮಾಡಿದನು. ೧೭೭೨ರಲ್ಲಿ ಫ್ರಾನ್ಸಿಸ್ ಮ್ಯಾಸನ್ನನು ಕ್ಯೂ ಉದ್ಯಾನದ ಪರವಾಗಿ ಕೇಪ್ ಪ್ರಾಂತಕ್ಕೆ ಹೋದ ಮೇಲೆ ಅಲ್ಲಿಯ ಸಸ್ಯಗಳು ಇಂಗ್ಲೆಂಡಿಗೆ ಹೇರಳವಾಗಿ ಬಂದುವು. ೧೭೯೦ರ ದಶಕದಲ್ಲಿ ಏಡ್ರಿಯನ್ ಹಾವರ್ತ್ ಈ ಕುಲವನ್ನೇ ಕುರಿತು ಗ್ರಂಥ ರಚಿಸಿದನು.

ಇಲ್ಲಿ ಒಂದು ಸಂಗತಿಯನ್ನು ಎಚ್ಚರದಿಂದ ಪರಿಶೀಲಿಸಬೇಕು. ಹಡಗುಗಳು ತಂಗುತ್ತಿದ್ದುದು ಕೇಪ್ ತೀರದಲ್ಲಿ. ಆದುದರಿಂದ ಮೊದಲು ಸಂಗ್ರಹವಾದ ಗಿಡಗಳಲ್ಲಿ ಹೆಚ್ಚಿನವು ಆ ತೀರದ ಮತ್ತು ಅದರ ಆಸುಪಾಸಿನವು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಆ ಚಳಿಗಾಲವೂ ಸೌಮ್ಯವಾದುದು. ಇಂಗ್ಲೆಂಡಿನ ಹಿಮಕ್ಕೆ ಅಂಥ ಗಿಡಗಳು ಸತ್ತುವು. ತೋಟಗಾರರು ಅವನ್ನು ಗಾಜಿನ ಮನೆಯೊಳಗಿಟ್ಟರು. ಆ ಗಿಡಗಳ ಮಟ್ಟಿಗೆ ಈ ನಿರ್ಣಯ ಸರಿಯಾದುದೇ. ಆದರೆ ಕೆಲವಕ್ಕೆ ಸಲ್ಲುವ ನಿರ್ಣಯ ಕ್ರಮೇಣ ಇಡೀ ಬಳಗದ ಮೇಲೆ ಬಿದ್ದಿತು. 'ಕೇಪಿನ ಗಿಡ'ವೆಂದರೆ ಚಳಿಗೆ ತಾಳದ ಗಿಡವೆಂಬುದು ಪರೀಕ್ಷೆಯಿಲ್ಲದೆ ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಇಳಿದುಬಂದಿತು.

ಅಷ್ಟರಲ್ಲಿ ಒಳನಾಡಿನ ಗಿಡಗಳೂ ಬಂದುವು. ಥಾಮಸ್ ಕೂಪರ್ ಎಂಬ ಸಂಗ್ರಾಹಕನು ವಿಲಿಯಂ ವಿಲ್ಸನ್ ಸಾಂಡರ್ಸ್ ಎಂಬ ಶ್ರೀಮಂತ ಸಸ್ಯಾಭಿಮಾನಿಯ ಪರವಾಗಿ ೧೮೫೯ರಿಂದ ೧೮೬೨ರವರೆಗೆ ದಕ್ಷಿಣ ಆಫ್ರಿಕದಲ್ಲಿ ಸಂಚರಿಸಿದನು. ಅವನ ಹೆಸರನ್ನು ಹೊತ್ತ ನೇರಳೆಗೆಂಪು ಹೂವಿನ ಗಿಡವನ್ನು ಜೋಸೆಫ್ ಹೂಕರ್ ೧೮೭೭ರಲ್ಲಿ 'ಕರ್ಟಿಸ್ ಬೊಟಾನಿಕಲ್ ಮ್ಯಾಗಜೀನ್' ಪತ್ರಿಕೆಯಲ್ಲಿ ಚಿತ್ರಸಹಿತವಾಗಿ ವರ್ಣಿಸಿದನು. ಮುಂದೆ ಕೂಪರನ ಅಳಿಯನಾದ ಎನ್. ಇ. ಬ್ರೌನ್, ಕ್ಯೂ ಸಂಸ್ಥೆಯ ಸೇವೆಯಿಂದ ನಿವೃತ್ತನಾದ ಮೇಲೆ, ಹಳೆಯ ಮಹಾಕುಲವನ್ನು ಬಿಡಿಸಿ ಅನೇಕ ಕುಲಗಳಾಗಿ ವಿಂಗಡಿಸಿದನು. ೧೯೨೫ರಲ್ಲಿ ಅವನು ಸ್ಥಾಪಿಸಿದ ಒಂದು ಕುಲಕ್ಕೆ ಡೆಲೊಸ್ಪರ್ಮ, ಎಂದರೆ 'ಕಾಣುವ ಬೀಜ', ಎಂದು ಹೆಸರು. ಈ ಗಿಡಗಳ ಬೀಜಕೋಶವು ಒಣಗಿರುವಾಗ ಮುಚ್ಚಿದ್ದು ನೀರು ತಾಕಿದಾಗ ತೆರೆದುಕೊಳ್ಳುತ್ತದೆ. ಬಳಗದ ಇತರ ಅನೇಕ ಕುಲಗಳಲ್ಲಿರುವ ಒಳಪೊರೆ ಇವಕ್ಕಿಲ್ಲವಾದುದರಿಂದ ಬೀಜಗಳು ಬರಿಗಣ್ಣಿಗೇ ಕಾಣುತ್ತವೆ. ಕೇಪ್‌ಟೌನಿನ ವಿದುಷಿ ಲೂಯಿಸಾ ಬೋಲಸ್ ಕೂಪರನ ಗಿಡವನ್ನು ಈ ಕುಲಕ್ಕೆ ಸೇರಿಸಿದರು. ಡೆಲೊಸ್ಪರ್ಮ ಕೂಪರಿ ಎಂಬ ಇಂದಿನ ಹೆಸರು ಹೀಗೆ ಬಂದುದು.

ಶಾಸ್ತ್ರಜ್ಞರು ಹೆಸರನ್ನು ತಿದ್ದಿದರು. ತೋಟಗಾರರ ಅಭಿಪ್ರಾಯ ಮಾತ್ರ ಹಳೆಯದಾಗಿಯೇ ಉಳಿಯಿತು. ಈ ಕುಲದ ಹಲವು ಜಾತಿಗಳ ನೆಲೆ ಕೇಪ್ ತೀರವಲ್ಲ, ಪೂರ್ವದ ಎತ್ತರದ ಒಳನಾಡು ಮತ್ತು ಡ್ರಾಕೆನ್ಸ್‌ಬರ್ಗ್ ಪರ್ವತಗಳು. ಆ ಪರ್ವತಗಳ ನಡುವಿನ ಲೆಸೊಥೊ ದೇಶದ ಅತಿ ತಗ್ಗಿನ ಸ್ಥಳವೇ ಸುಮಾರು ೧,೪೦೦ ಮೀಟರ್ ಎತ್ತರದಲ್ಲಿದೆ. ಶಿಖರಗಳು ೩,೪೦೦ ಮೀಟರನ್ನು ಮೀರುತ್ತವೆ. ಅಲ್ಲಿ ಮಳೆ ಬೇಸಗೆಯದು; ಚಳಿಗಾಲ ಒಣಗಿದುದು, ಬಿಸಿಲಿನದು, ಹೆಪ್ಪುಗಟ್ಟುವಂಥದು. ಡ್ರಾಕೆನ್ಸ್‌ಬರ್ಗಿನಲ್ಲಿ ಒಟ್ಟು ಮಳೆ ಡೆನ್ವರಿಗಿಂತ ಹೆಚ್ಚೆಂಬುದು ನಿಜ. ಆದರೆ ಈ ಗಿಡಗಳು ಬೆಳೆಯುವುದು ಬಂಡೆಗಳ ಮೇಲಿನ ತೆಳುಮಣ್ಣಿನಲ್ಲಿ. ಬಿದ್ದ ನೀರು ಅಲ್ಲಿ ನಿಲ್ಲದೆ ಹರಿದುಹೋಗುತ್ತದೆ. ಕೇಪ್ ತೀರಕ್ಕಿಂತ ಡೆನ್ವರ್ ಈ ನೆಲೆಗೆ ಹತ್ತಿರವೆಂಬುದನ್ನು ಕಾಣಲು ಬೇಕಾದುದು ಹೊಸ ಗಿಡವಲ್ಲ, ಭೂಪಟದ ಮೇಲೆ ಒಂದು ಹೊಸ ನೋಟ.

೪. ನೋಟದ ಬದಲಾವಣೆ

ಆ ನೋಟ ಬಂದುದು ಅಭಾವದ ಕಾಲದಲ್ಲಿ. ಡೆನ್ವರ್ ಸಸ್ಯೋದ್ಯಾನವು ೧೯೫೧ರಲ್ಲಿ ಸ್ಥಾಪಿತವಾಗಿ, ೧೯೫೯ರಿಂದ ಯಾರ್ಕ್ ಬೀದಿಯ ಹಳೆಯ ಶ್ಮಶಾನಭೂಮಿಯಲ್ಲಿ ನೆಲಸಿದ್ದಿತು. ೧೯೭೭ರಲ್ಲಿ ಅಮೆರಿಕದ ಪಶ್ಚಿಮಭಾಗವನ್ನು ತೀವ್ರವಾದ ಬರ ಕಾಡಿತು. ೧೯೮೦ರಲ್ಲಿ ಉದ್ಯಾನದ ಬಂಡೆ ಮತ್ತು ಪರ್ವತಸಸ್ಯಗಳ ತೋಟಕ್ಕೆ ಪನಯೋಟಿ ಕೆಲೈಡಿಸ್ ಮೊದಲ ಪಾಲಕರಾದರು. ಕೊಲರಾಡೊದಲ್ಲಿಯೇ ಹುಟ್ಟಿ ಬೆಳೆದ ಅವರು ಅಲ್ಲಿಯ ಹವೆಗೆ ಹೋಲುವ ಹವೆ ಜಗತ್ತಿನಲ್ಲಿ ಮತ್ತೆಲ್ಲಿದೆಯೆಂದು ಹುಡುಕಿ, ಅಂಥ ನಾಡುಗಳ ಗಿಡಗಳನ್ನು ಬಯಲಿನಲ್ಲಿ ನೆಟ್ಟು ಪರೀಕ್ಷಿಸುವ ಕ್ರಮವನ್ನು ಬಹುಕಾಲ ನಡಸಿದರು. ದಕ್ಷಿಣ ಆಫ್ರಿಕದ ಎತ್ತರದ ನೆಲೆಗಳ ಡೆಲೊಸ್ಪರ್ಮಗಳು ಆ ಪರೀಕ್ಷೆಯಲ್ಲಿ ಚಳಿಗಾಲಗಳನ್ನು ದಾಟಿ ಉಳಿದುವು. ೧೯೮೧ರಲ್ಲಿ ಡೆನ್ವರಿನ ನೀರು ಸರಬರಾಜು ಸಂಸ್ಥೆಯು, ಒಣ ಎಂಬರ್ಥದ ಗ್ರೀಕ್ ಶಬ್ದದಿಂದ, 'ಜೆರಿಸ್ಕೇಪ್' ಎಂಬ ಪದವನ್ನು ಟಂಕಿಸಿ, ಕಡಮೆ ನೀರಿನ ತೋಟಗಾರಿಕೆಯನ್ನು ಪ್ರಚಾರಮಾಡತೊಡಗಿತು.

ಅದಾಗ್ಯೂ ನೀರಿನ ಹಸಿವು ಅಡಗಲಿಲ್ಲ. ಸೌತ್ ಪ್ಲ್ಯಾಟ್ ನದಿಗೆ ಟೂ ಫೋರ್ಕ್ಸ್ ಎಂಬಲ್ಲಿ ಭಾರಿ ಅಣೆಕಟ್ಟನ್ನು ಕಟ್ಟುವ ಯೋಜನೆ ಮುಂದುವರಿಯಿತು. ೧೯೯೦ರಲ್ಲಿ ಕೇಂದ್ರದ ಪರಿಸರ ರಕ್ಷಣಾ ಸಂಸ್ಥೆಯು ಅದನ್ನು ನಿರಾಕರಿಸಿತು. ಮತ್ತೊಂದು ನದಿಯನ್ನು ತಿರುಗಿಸಿ ಹಳೆಯ ಬಾಳನ್ನೇ ಮುಂದುವರಿಸಬಹುದೆಂಬ ನಂಬಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು ಇದೆನ್ನಬಹುದು. ೧೯೯೦ರ ದಶಕದ ಕೊನೆಯಿಂದ ಸಸ್ಯೋದ್ಯಾನ, ಕೊಲರಾಡೊ ರಾಜ್ಯ ವಿಶ್ವವಿದ್ಯಾನಿಲಯ ಮತ್ತು ಸಸಿ ಬೆಳೆಗಾರರು ಸೇರಿ 'ಪ್ಲಾಂಟ್ ಸೆಲೆಕ್ಟ್' ಎಂಬ ಯೋಜನೆಯ ಮೂಲಕ ಪರೀಕ್ಷಿತ ಸಸ್ಯಗಳನ್ನು ಜನರಿಗೆ ಒದಗಿಸತೊಡಗಿದರು; ಹಲವು ಬಗೆಯ ಡೆಲೊಸ್ಪರ್ಮಗಳು ಆ ಪಟ್ಟಿಯಲ್ಲಿ ಸೇರಿದುವು. ಕಿತ್ತಳೆ ಮತ್ತು ನೇರಳೆ ಬಣ್ಣ ಕೂಡಿದ 'ಫೈರ್ ಸ್ಪಿನ್ನರ್' ಬಂದುದು ೨೦೧೨ರಲ್ಲಿ. ೨೦೦೨ರ ಘೋರವಾದ ಬರವು ಈ ಬೋಧೆಗೆ ಕಿವಿಗೊಡದಿದ್ದವರಿಗೂ ಪಾಠ ಕಲಿಸಿತು. ಹುಲ್ಲನ್ನು ತೆಗೆದು ಬೇರೆ ಸಸ್ಯ ಹಾಕುವವರಿಗೆ ನೆರವೀಯುವ ಶಾಸನವನ್ನು ೨೦೨೨ರಲ್ಲಿಯೂ, ವಾಣಿಜ್ಯದ ಹಾಗೂ ಸಾಮೂಹಿಕ ಸ್ಥಳಗಳಲ್ಲಿ ಬಳಕೆಗೆ ಬಾರದ ಹುಲ್ಲುಹಾಸನ್ನು ಹೊಸದಾಗಿ ಹಾಕದಂತೆ ನಿರ್ಬಂಧಿಸುವ ಶಾಸನವನ್ನು ೨೦೨೪ರಲ್ಲಿಯೂ ಕೊಲರಾಡೊ ರಾಜ್ಯ ಅಂಗೀಕರಿಸಿತು.

೫. ಬೆಳೆಯುವ ಕ್ರಮ

ಈ ಗಿಡದ ಕೃಷಿಕ್ರಮವನ್ನು ಅದರ ತೌರಿನ ಚರಿತ್ರೆಯಿಂದಲೇ ಊಹಿಸಬಹುದು. ಬಂಡೆಯ ಇಳಿಜಾರಿನಲ್ಲಿ ಹುಟ್ಟಿದುದಕ್ಕೆ ನೀರು ಬಸಿದುಹೋಗುವ ಮರಳು ಅಥವಾ ಗರಸುಮಣ್ಣು ಬೇಕು. ಜಿಗುಟು ಮಣ್ಣಾದರೆ ಗರಸು ಬೆರಸಿ ಪಾತಿಯನ್ನು ಎತ್ತರಿಸಬೇಕು. ದಿನವೆಲ್ಲ ಬಿಸಿಲು ಬೀಳಬೇಕು. ಗೊಬ್ಬರದ ಅಗತ್ಯ ಬಹಳ ಕಡಮೆ. ಸಾರ ಹೆಚ್ಚಾದರೆ ಗಿಡ ಮೆತ್ತಗಾಗಿ ಚಳಿಗೆ ಸೋಲುತ್ತದೆ. ನೆಡುವುದಕ್ಕೆ ವಸಂತದ ಕೊನೆ ಅಥವಾ ಬೇಸಗೆಯ ಮೊದಲು ತಕ್ಕ ಕಾಲ. ಶರತ್ಕಾಲದಲ್ಲಿ ನೆಟ್ಟರೆ ಬೇರು ಹಿಡಿಯುವುದಕ್ಕೆ ಮೊದಲೇ ಹಿಮ ಬರುತ್ತದೆ. ಒಂದು ಒಂದೂವರೆ ಅಡಿ ಅಂತರದಲ್ಲಿ ನೆಟ್ಟ ಸಸಿಗಳು ಬೇಗನೆ ಒಂದನ್ನೊಂದು ಕೂಡಿ ಹಾಸಾಗುತ್ತವೆ. ಕಾಂಡದ ತುಂಡುಗಳೂ ಸುಲಭವಾಗಿ ಬೇರುಬಿಡುತ್ತವೆ. ಬೀಜವನ್ನು ಮಣ್ಣಿನೊಳಗೆ ಹೂಳದೆ ಮೇಲೆಯೇ ಉದುರಿಸಬೇಕು.

ಮೊದಲನೆಯ ಬೇಸಗೆಯಲ್ಲಿ ತಪ್ಪದೆ ನೀರು ಕೊಡಬೇಕು. ಬರ ತಾಳುವ ಗಿಡವೆಂದರೆ ಹುಟ್ಟಿದ ದಿನದಿಂದಲೇ ತಾಳುವ ಗಿಡವೆಂದರ್ಥವಲ್ಲ. ಬೇರು ಊರಿದ ಮೇಲೆ ತೀರ ಒಣಗಿದಾಗ ಮಾತ್ರ ನೀರು ಸಾಕು. ಶರತ್ಕಾಲ ಸಮೀಪಿಸಿದೊಡನೆ ನೀರನ್ನು ಹಿಂತೆಗೆಯಬೇಕು. ಆಗ ಎಲೆಗಳಲ್ಲಿನ ನೀರಿನಂಶ ಇಳಿದು, ಗಿಡ ಸ್ವಲ್ಪ ಸೊರಗಿ, ಎಷ್ಟೋ ಸಲ ಕೆಂಪಾಗಿ, ಚಳಿಗೆ ಸಿದ್ಧವಾಗುತ್ತದೆ. ಇದನ್ನು ಕೊಲ್ಲುವುದು ಅನೇಕವೇಳೆ ಚಳಿಯಲ್ಲ, ಚಳಿಗಾಲದಲ್ಲಿ ಬೇರಿನ ಬಳಿ ನಿಂತ ನೀರು. ಇಂಗ್ಲೆಂಡಿನ ತೇವದ ಚಳಿಗಾಲದಲ್ಲಿ ಸೋಲುವ ಗಿಡ ಕೊಲರಾಡೊದ ಹೆಚ್ಚು ಕಠಿನವಾದ ಒಣ ಚಳಿಯಲ್ಲಿ ಉಳಿಯುವುದರ ರಹಸ್ಯವಿದು. ವಸಂತದಲ್ಲಿ ಒಣಗಿದ ತುದಿಗಳನ್ನು ಕತ್ತರಿಸಿದರೆ ಉಳಿದ ಭಾಗ ಮತ್ತೆ ಚಿಗುರುತ್ತದೆ.

೬. ಎರಡು ಎಚ್ಚರಿಕೆಗಳು ಮತ್ತು ಉಪಸಂಹಾರ

ಈ ಕಥೆಯನ್ನು ಕೇವಲ ವಿಜಯಗಾಥೆಯಾಗಿ ಓದಬಾರದು. ಮೊದಲನೆಯದಾಗಿ, ಇದು ಹುಲ್ಲುಹಾಸಿನ ಎಲ್ಲ ಕೆಲಸವನ್ನೂ ಮಾಡಲಾರದು. ತುಳಿತಕ್ಕೆ ಇದು ತಾಳುವುದಿಲ್ಲ; ಮಕ್ಕಳು ಆಡುವ ಬಯಲಿಗೆ ಹುಲ್ಲೇ ಬೇಕು. ಯಾರೂ ಕಾಲಿಡದ, ನೋಟಕ್ಕಾಗಿ ಮಾತ್ರ ನೀರುಣ್ಣುವ ಹುಲ್ಲಿನ ಸ್ಥಾನವನ್ನು ಇದು ತುಂಬಬಲ್ಲುದು. ಎರಡನೆಯದಾಗಿ, ಹೊರಗಿನ ಗಿಡವನ್ನು ತರುವಲ್ಲಿ ಅಪಾಯವೂ ಉಂಟು. ಇದೇ ಬಳಗದ ಕಾರ್ಪೊಬ್ರೋಟಸ್ ಎಂಬ ದೊಡ್ಡ ಜಾತಿಯನ್ನು ಕ್ಯಾಲಿಫೋರ್ನಿಯದಲ್ಲಿ ಮಣ್ಣು ಜಾರದಂತೆ ರೈಲುದಾರಿ, ಹೆದ್ದಾರಿಗಳ ಬದಿಯಲ್ಲಿ ನೆಡಲಾಯಿತು. ಅಲ್ಲಿಯ ಸೌಮ್ಯವಾದ ಕರಾವಳಿಯಲ್ಲಿ ಅದು ಅಂಕೆಯಿಲ್ಲದೆ ಹಬ್ಬಿ ಸ್ಥಳೀಯ ಸಸ್ಯಗಳನ್ನು ಅಡಗಿಸಿತು. ಆದುದರಿಂದ ಹವೆ ಒಗ್ಗುವುದೆಂಬ ಒಂದೇ ಗುಣ ಗಿಡವೊಂದಕ್ಕೆ ಪೂರ್ಣವಾದ ಯೋಗ್ಯತಾಪತ್ರವಾಗಲಾರದು. ಡೆನ್ವರಿನ ನೆಲಕ್ಕೆ ಬ್ಲೂ ಗ್ರಾಮ, ಬಫಲೋ ಹುಲ್ಲುಗಳೆಂಬ ಸ್ವಂತದ ಹೊದಿಕೆ ಮೊದಲೇ ಇದ್ದಿತೆಂಬುದನ್ನೂ ಮರೆಯಲಾಗದು. ಈಗ ಅವನ್ನೂ ತೋಟಗಳಲ್ಲಿ ಮತ್ತೆ ಬಿತ್ತಲಾಗುತ್ತಿದೆ.

ಚರಿತ್ರೆಯ ವಿದ್ಯಾರ್ಥಿಗೆ ಇದರಿಂದ ದೊರೆಯುವ ಪಾಠವೇನು? ಭೂಗೋಳವೇ ಚರಿತ್ರೆಯನ್ನು ನಿರ್ಣಯಿಸುತ್ತದೆಂಬ ವಾದ ಇಲ್ಲಿ ನಿಲ್ಲುವುದಿಲ್ಲ. ನೆಲ ಒಣಗಿದ್ದಿತು, ಆದರೂ ನೂರು ವರ್ಷಗಳಿಗಿಂತ ಹೆಚ್ಚು ಕಾಲ ಅದರ ಮೇಲೆ ಹಸುರು ಹಾಸಿದ್ದಿತು. ಮನುಷ್ಯನ ಇಚ್ಛೆಯೇ ಎಲ್ಲವೆಂಬ ವಾದವೂ ನಿಲ್ಲುವುದಿಲ್ಲ; ೧೯೭೭ ಮತ್ತು ೨೦೦೨ರ ಬರಗಳು ಅದಕ್ಕೆ ಸಾಕ್ಷಿ. ಇವೆರಡರ ನಡುವೆ ಕೆಲಸ ಮಾಡುವ ಮೂರನೆಯ ಶಕ್ತಿಯೊಂದುಂಟು: ಪರೀಕ್ಷೆಯಿಲ್ಲದೆ ಉಳಿದುಬಂದ ಅಭಿಪ್ರಾಯ. ಲಾಂಗನ ತಂಡ ಒಂದು ನೆಲಕ್ಕೆ ಮರುಭೂಮಿಯೆಂಬ ಹೆಸರಿನ ಚೀಟಿಯನ್ನು ಅಂಟಿಸಿತು. ಇಂಗ್ಲೆಂಡಿನ ತೋಟಗಾರರು ಒಂದು ಬಳಗಕ್ಕೆ ಚಳಿಗೆ ತಾಳದುದೆಂಬ ಚೀಟಿಯನ್ನು ಅಂಟಿಸಿದರು. ಎರಡೂ ಚೀಟಿಗಳು ಯಾರೋ ಕೆಲವರು, ಎಲ್ಲಿಯೋ ಕೆಲವು ಕಡೆ, ನಿಜವಾಗಿ ಕಂಡುದರ ಮೇಲೆ ಬರೆದುವೇ. ದೋಷವಿರುವುದು ಮೊದಲು ಬರೆದವರಲ್ಲಿ ಅಷ್ಟಲ್ಲ. ಅನಂತರ ಬಂದವರು ಗಿಡವನ್ನೂ ನೆಲವನ್ನೂ ನೋಡದೆ ಚೀಟಿಯನ್ನು ಮಾತ್ರ ಓದಿದುದರಲ್ಲಿ.

ನಮ್ಮ ಪಠ್ಯಗ್ರಂಥಗಳಲ್ಲಿಯೂ ಇಂಥ ಚೀಟಿಗಳು ಕಡಮೆಯಿಲ್ಲ. ಒಂದು ಜನಾಂಗವನ್ನೋ ಒಂದು ಯುಗವನ್ನೋ ಒಂದೇ ವಿಶೇಷಣದಿಂದ ಮುಗಿಸುವ ವಾಕ್ಯ ಎದುರಾದಾಗಲೆಲ್ಲ, ಆ ಮಾತನ್ನು ಮೊದಲು ಹೇಳಿದವನು ನಿಂತು ನೋಡಿದ್ದುದು ಯಾವ ತೀರದಲ್ಲಿ ಎಂದು ಕೇಳುವುದು ಅಧ್ಯಾಪಕನ ಕರ್ತವ್ಯ. ಹಾಗೆ ಕೇಳುವುದನ್ನು ಕಲಿಯುವುದು ವಿದ್ಯಾರ್ಥಿಯ ಕರ್ತವ್ಯ.